ಗುಜರಿಗೆ ಹೋದ ಏಳನೇ ಬಸ್ಸು

...ಬಾಗಲದಾಗ ಯಾಕ ನಿಂತೀ ಮಲ್ಲಣ್ಣ, ಒಳಗ ಬಾ. ಬಸ್ಸು ಚಾರ್ಜಿಗೆ ಹಚ್ಚೀಯಲ್ಲ? ಹಚ್ಚಿದ್ರ ಕೂಡು. ಇಬ್ಬರೇ ಅದೀವಿ.

ಈಗ ಖರೆ ಹೇಳು. ಸರ್ಕಾರದ ಆಫೀಸಿಗೆ ಫೋನ್ ಮಾಡಿದಾಂವ ನೀನ ಹೌದಲ್ಲೋ?

ತಲಿ ಅಲ್ಲಾಡಿಸಬ್ಯಾಡ. ನಾಳೆ ಹತ್ತು ಗಂಟೆಕ್ಕ ತಪಾಸಣಿಗೆ ಬರ್ತಾರ. ಉಳಿದ ಆರು ಹಳೇ ಬಸ್ಸಿನ ಸುದ್ದಿ ಇಲ್ಲ, ಬರೀ ಏಳನೇ ನಂಬರಿನ ಕಾಗದ ತಗದಿಡ್ರಿ ಅಂದ್ರು. ಒಂಬತ್ತು ವರ್ಷ ಏಳನೇದು ಓಡಿಸಿದಾಂವ ಯಾರು? ನಾನಾ?

ಯಾಕ ನಗ್ತೀ? ಅವರು ಕೇಳೂದು ಬಸ್ಸುಗಳ ಇನ್‌ಚಾರ್ಜ್ ಗುರುಶಾಂತನ್ನ. ಅಂದ್ರ ನನ್ನ.

ಕೇಳು ಇಲ್ಲೆ. ಕರೆಂಟಿನ ಬಸ್ಸಿಗೆ ಸರ್ಕಾರ ನಮ್ಮ ಸಾಲಿಗೆ ರೊಕ್ಕ ಕೊಟ್ಟಿದ್ದು ಒಂದ ಕರಾರಿನ ಮ್ಯಾಲೆ. ಹೊಸದೊಂದು ಬಂದ್ರ ಡೀಸೆಲ್ಲಿಂದೊಂದು ಸಾಯಬೇಕು. ಎಂಜಿನ್ನಿಗೆ ತೂತು ಹೊಡೀಬೇಕು, ಫೋಟೋ ತಗೀಬೇಕು, 'ನನ್ನ ಕಣ್ಣ ಮುಂದ ಹೊಡದ್ರು' ಅಂತ ಡ್ರೈವರ್ ಸಹಿ ಹಾಕಬೇಕು. ನೀ ಹಾಕೀ. ವರ್ಷಾ ಆಯುಧಪೂಜಿಗೆ ಕುಂಬಳಕಾಯಿ ಒಡದ ಬಸ್ಸು, ಅದಕ್ಕ ತೂತು ಹೊಡಿಯೂದು ನೋಡಾಕ ಆಗೂದಿಲ್ಲ ಅಂತ ಹಿಂದಿನ ದಿನಾನ ಸಹಿ ಹಾಕಿ ಹ್ವಾದಿ. ಹೆಣ್ಣು ಕಳಿಸಿಕೊಡೂ ಅಪ್ಪನಂಗ ಕಣ್ಣು ಒರಸ್ಕೋತ... ನಾ ಹಾಕು ಅಂದಿದ್ನಾ?

ಅಂದಿದ್ದೆ. ಆಯ್ತು. ಆದ್ರ ಸಹಿ ನಿಂದಲ್ಲ? ನಾಳೆ 'ನೋಡಿಲ್ಲ' ಅಂದ್ರ ಮೊದಲ ಸಿಗೂದು ನೀನ. ಕೆಲಸಾನೂ ಹೋಗತೈತಿ, ಮ್ಯಾಲೆ ಕೇಸು. 'ನೋಡೀನಿ' ಅನ್ನು, ಮುಗೀತು.

ಫೋನ್ ಯಾಕ ತಗದಿ? ರೆಕಾರ್ಡ್ ಮಾಡಾಕತ್ತೀ ಏನು? ತೋರ್ಸು... ಫೋಟೋ. ಯಾರು ತಗದಿದ್ದು, ಗದಿಗೆಮ್ಮನಾ? ಅಂದ್ರ ನಿನ್ನ ಹೆಂಡ್ತೀನ ಬೇಹುಗಾರ್ತಿ ಮಾಡೀ. ಮೆಹದಿಪಟ್ಟಣದಿಂದ ಕಟ್ಟಡದ ಕೆಲಸಕ್ಕ ಮಂದೀನ ಒಯ್ಯೂ ಬಸ್ಸು ಇದು. ಏಳನೇದರಾಗ ಇದ್ದಂಗ ಸೀಟಿನ ಹಿಂದ 'ಮಧುರಾ' ಅಂತ ಕೊರದಾರ, ಏನೀಗ? ಯಾವ ಸಾಲಿ ಬಸ್ಸಿನ್ಯಾಗ ಹುಡುಗರು ಹೆಸರು ಕೊರದಿಲ್ಲ? ಬಿಳಿ ಬಣ್ಣಾ ಹೊಡದ್ರ ಎಲ್ಲಾ ಬಸ್ಸೂ ಒಂದ ನಮೂನಿ ಕಾಣ್ತಾವ.

ಗದಿಗೆಮ್ಮ ದಿನಾ ಇದರಾಗ ಕೆಲಸಕ್ಕ ಹೋಗ್ತಾಳೇನು?

ಅದಕ್ಕ ನಿನ್ನ ಮಾರಿ ಹಿಂಗಾಗೇತಿ. ಫ್ಲೈಓವರ್ ಇಳಿಯೂ ಮುಂದ ಏನಾರ ಆದೀತು ಅಂತ ಅಂಜಿಕಿ. ತಿಳೀತು ಬಿಡು. ಏಳನೇದರ ಬ್ರೇಕ್ ಹಿಡೀವಲ್ದು ಅಂತ ಆರು ತಿಂಗಳು ಬಡಕೊಂಡಿ, ನಾ ಕಿವಿಗೆ ಹಾಕ್ಕೊಳ್ಳಲಿಲ್ಲ. ನನ್ನ ತಪ್ಪು, ಒಪ್ಪತೀನಿ. ಆದ್ರ ನಾ ಅಷ್ಟು ಪಾಪಿ ಅಲ್ಲ ಮಲ್ಲಣ್ಣ. ಆ ಕಟ್ಟಡದವರಿಗೆ ಕೊಡೂ ಮುಂಚೆ ನಾನ ಎದುರು ನಿಂತು ನಾಕೂ ಕಡೆ ಹೊಸಾ ಬ್ರೇಕ್ ಲೈನರ್ ಹಾಕಿಸೀನಿ. ಆಕಿಗೇನೂ ಆಗೂದಿಲ್ಲ. ಗದಿಗೆಮ್ಮಗ ಹೇಳು, ನಿಶ್ಚಿಂತಿ ಇರು ಅಂತ...

ಹಂಗ್ಯಾಕ ನೋಡ್ತೀ?

ನಾ ಅಂದಿದ್ದು... ಹಾಕಿಸಿದ್ದು ಬ್ಯಾರೆ ಬಸ್ಸಿಗೆ...

ಬೈಯೂದಿದ್ರ ಬೈ ಮಾರಾಯಾ.

ಖಾಲಿ ಹಾಳಿ ಯಾಕ ನನ್ನ ಮುಂದ ಸರಸಾಕತ್ತೀ? ಏನು ಬರೀಲಿ ಅದರ ಮ್ಯಾಲೆ, ಏಳನೇದು ನಾನ ಮಾರೀನಂತ ಬರೀಲೇನು?