ಅವ್ವನ ಬೆರಳಿಗೆ ಸಿಗೂ ಮುಖ

…ಇಲ್ರೀ ಪ್ರಾಚಿ ಡಾಕ್ಟರ್, ಉರಿಯಂಗಿಲ್ಲ. ನೀವು ಹಚ್ಚಿದ ಕ್ರೀಮಿಗೆ ಮುಖ ಪೂರಾ ಜೋಮು ಹಿಡದೇತಿ. ಏನೂ ಅನ್ಸವಲ್ದು. ಸೂಜಿ ಸುರು ಮಾಡ್ರಿ, ಖಾನಾಪುರಕ್ಕ ನಾಲ್ಕರ ಬಸ್ ಹಿಡೀಬೇಕು.

ಯಾಕ ನಗ್ತೀರಿ? ಐವತ್ಮೂರು ವರ್ಷದ ಸಾಲಿ ಅಕ್ಕೋರು ಟಿಳಕವಾಡಿಗೆ ಬಂದು ಗಲ್ಲ ತುಂಬಿಸ್ಕೋತಾಳಂತನ? ನಗ್ರಿ, ನಗ್ರಿ. ಹೆಡ್‌ಮಾಸ್ತರ್ ಭರಮಪ್ಪ ಸರ್‌ಗೆ ಹಲ್ಲು ತೋರ್ಸಾಕ ಹೊಂಟೀನಂತ ಸುಳ್ಳು ಹೇಳಿ ಬಂದೀನಿ! "ಅನುರಾಧಾ ಅಕ್ಕೋರ, ಸಾವಕಾಶ ಹೋಗಿ ಬರ್ರಿ" ಅಂದ್ರು, ಪಾಪ.

ಫೋಟೋ? ಹೂಂ, ನನ್ನದ. ಹಳೇದು. ಗಲ್ಲ ಹಿಂಗ ದುಂಡಗ ಆಗ್ಬೇಕು, ಬಾಯಿ ಬಾಜೂದ ಗೆರಿ ಹೋಗ್ಬೇಕು. ಕನ್ನಡ್ಯಾಗ ಚಂದ ಕಾಣದಿದ್ರೂ ನಡೀತದ. ಮುಟ್ಟಿದ್ರ ಹಂಗ ಅನ್ಸ್ಬೇಕು ನೋಡ್ರಿ. ಮುಟ್ಟಿದ್ರ…

ಯಾಕ, ದೊಡ್ಡದು ಮಾಡಿ ಏನು ನೋಡಾಕತ್ತೀರಿ? ಗದ್ದದ ಮ್ಯಾಲಿನ ಮಚ್ಚಿ ಏನ್ರಿ? ಅದು… ತೆಗಿಸಿದೆ… ಹಂಗ ನೋಡಬ್ಯಾಡ್ರಿ. ಅದು ನಾ ಅಲ್ಲ. ನನ್ನ ತಂಗಿ ಮನಿಷಾ. ಹನ್ನೊಂದು ವರ್ಷ ಸಣ್ಣಾಕಿ.

ನಮ್ಮವ್ವಗ ಸಕ್ಕರಿ ಬ್ಯಾನ್ಯಾಗ ಎರಡೂ ಕಣ್ಣು ಹೋಗ್ಯಾವ. ಯಾರ ಬಂದ್ರೂ ಮುಖ ಸವರಿನ ಗುರ್ತು ಹಿಡೀತಾಳ. ಈಗ ಹಾಸಿಗಿ ಹಿಡದಾಳ. "ಮನಿಷಾ ಬರ್ಲಿ, ಒಂದ್ಸಲ ಅಕಿ ಗಲ್ಲ ಮುಟ್ತೀನಿ" ಅಂತಾಳ. ಒಂದ ಹಟ. ಅದಕ್ಕ ನಾನ ಮನಿಷಾ ಆಗಿ… ಅಕೀನ್ನ ಕರಸ್ಬೇಕಿತ್ತಾ? ಗೋವಾದಾಗ ನೌಕರಿ ಐತ್ರಿ ಅಕೀದು. ಸೂಟಿ ಸಿಗಂಗಿಲ್ಲ. ಭಾಳ ಕೆಲಸ…

ಸೂಜಿ ಯಾಕ ಕೆಳಗಿಟ್ರಿ? ಸುಳ್ಳು ಅಂತ ಗೊತ್ತಾತೇನ?

…ಹೋದ ವರ್ಷ ಆಷಾಢದಾಗ. ಜಾಂಬೋಟಿ ರಸ್ತೇದಾಗ ಅಕಿ ಸ್ಕೂಟಿ ಜಾರ್ತು. ಅವ್ವ ಆವಾಗ ದವಾಖಾನಿಯೊಳಗಿದ್ಲು. ಈಗ ಹೇಳಬ್ಯಾಡ್ರಿ, ತಡಕೊಳ್ಳಂಗಿಲ್ಲ ಅಂದ್ರು ಅಲ್ಲಿ ಡಾಕ್ಟರು. ಹೇಳ್ಲಿಲ್ಲ. ಆಮ್ಯಾಲ… ಹೇಳೂದು ಆಗ್ಲೇ ಇಲ್ಲ. ದಿನಾ ಸಂಜಿಗೆ ಮಗ್ಗಲ ಖೋಲಿಯಿಂದ ನಾನ ಫೋನ್ ಮಾಡ್ತೀನಿ, ಅಕಿ ದನೀಲೆ. "ಅವ್ವಾ, ಗುಳಗಿ ತಗೊಂಡಿ ಏನ?" ಅಂತ. ದನಿ ನಂಬ್ತಾಳ್ರಿ. ಬೆರಳು ನಂಬಂಗಿಲ್ಲ.

ತಂಗಿ ತೀರಿಹೋದ್ಲು ಅಂತ ನನ್ನ ಬಾಯಿಂದ ಇವತ್ತ ಮೊದಲ್ನೇ ಸಲ ಬಂತು. ಇನ್ನೂತನಾ ಅತ್ತಿಲ್ಲ. ಯಾಕೋ ಬರವಲ್ದು…

ಗ್ಲೌಸ್ ತೆಗದು ಕೈ ಹಿಡಕೊಂಡ್ರಿ. ಬ್ಯಾಡಂತೀರಿ, ಹೌದಲ್ಲ?

…ಹೂಂ. ಒರಸ್ರಿ ಕ್ರೀಮು.

ಇವತ್ತ ಮಗ್ಗಲ ಖೋಲಿಗೆ ಹೋಗಂಗಿಲ್ಲ. ಅವ್ವನ ಹಾಸಿಗಿ ಮ್ಯಾಲ ಕುಂದರ್ತೀನಿ. ಆದ್ರ ಏನಂತ ಸುರು ಮಾಡ್ಲಿ? ನೀವಾರ ಹೇಳ್ರಿ, ಇಂಥಾದ್ದು ಏನಂತ ಸುರು ಮಾಡ್ತಾರ…

"ಅವ್ವಾ, ನಾ ಅನು" ಅಂತೀನಿ. ಅಷ್ಟಾದ್ರೂ ಅಂತೀನಿ.