ಇನ್ನೂರು ಡಬ್ಬಿ ನೆಗೆಟಿವ್

ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಸೊರಬದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಫೋಟೋ ಸ್ಟುಡಿಯೋದ ವಲೀಸಾಬರು ಕೂತಿದ್ದರು. ಜೊತೆಗೆ ಅವರ ಹಳೆಯ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಡುತ್ತಿರುವ ಪ್ರಿಯಂವದಾ.

“ಹೋದ ಸಲ ಡಿಸ್ಕ್ ಕೆಟ್ಟು ಎರಡು ವರ್ಷದ ಮದುವೆ ಫೋಟೋ ಎಲ್ಲಾ ಹೋದ್ವಲ್ಲಮ್ಮ.”

“ಈ ಸಲ ಐದು ಕಂಪ್ಯೂಟರ್ ಇದಾವಲ್ರೀ. ಒಂದೊಂದು ಫೋಟೋನೂ ಮೂರರಲ್ಲಿ ಇರುತ್ತೆ. ಒಂದು ಕೆಟ್ರೆ ಉಳಿದವು ಕೊಡ್ತವೆ.”

“ಯಾವ ಫೋಟೋ ಎಲ್ಲೈತೆ ಅಂತ ಹೆಂಗೆ ಗೊತ್ತಾಗೋದು?”

“ಎರಡು ಥರ ಮಾಡಬಹುದು. ಒಂದೇ ಕಂಪ್ಯೂಟರ್ ಎಲ್ಲದರ ಪಟ್ಟಿ ಇಟ್ಕೊಳ್ಳೋದು ಒಂದು. ಇನ್ನೊಂದರಲ್ಲಿ ಪಟ್ಟಿನೇ ಬೇಡ, ಫೋಟೋಗೆ ಕೊಟ್ಟ ಹೆಸರಿಂದ ಅದು ಎಲ್ಲಿದೆ ಅಂತ ಯಾವ ಕಂಪ್ಯೂಟರ್ ಆದ್ರೂ ಲೆಕ್ಕ ಹಾಕಿ ಹುಡುಕುತ್ತೆ.”

“ಮೊದಲನೇದೇ ಸಲೀಸಲ್ಲೇನು?”

“ಸಲೀಸೇ. ಆದ್ರೆ ಪಟ್ಟಿ ಇಟ್ಕೊಂಡಿರೋದೇ ಕೆಟ್ರೆ?”

ವಲೀಸಾಬರು ಅವಳತ್ತ ತಿರುಗಿ ಕೂತರು.

“ನನ್ನ ಹತ್ರ ಇನ್ನೂರು ಡಬ್ಬಿ ನೆಗೆಟಿವ್ ಐತಮ್ಮ. ಯಾವುದರಾಗೆ ಯಾರ್ ಅದಾರೆ ಅನ್ನೋದು ನನ್ನ ತಲೆಯಾಗೆ ಮಾತ್ರ ಐತೆ.”

“ನಾನು ಅದನ್ನ ಹೇಗೆ ಕೇಳೋದು ಅಂತಿದ್ದೆ.”

ಸೊರಬದ ಬಸ್ಸು ಬಂದು ನಿಂತಿತು.

“ಏಳಮ್ಮ, ಬಸ್ಸು ಹೊರಡೋದ್ರಾಗೆ ಆ ಅಂಗಡಿಯಾಗೆ ನೋಟ್‌ಬುಕ್ ತಗಳ್ಳೋಣ. ದಾರಿ ಉದ್ದಕ್ಕೂ ಹೇಳ್ತೀನಿ, ಬರ್ಕೋ.”

“ಒಂದು ಸಾಕಲ್ರೀ?”

“ಮೂರು,” ಎನ್ನುತ್ತ ಅವರು ಆಗಲೇ ಎದ್ದು ಅಂಗಡಿಯತ್ತ ಹೊರಟಿದ್ದರು.