ಕೀಲಿ ಸಪ್ಪಳ

"ಬರತೀನ್ರಿ."

ಇಂದ್ರಾಬಾಯಿ ಗಂಡನಿಗೆ ಹೇಳಿದ ಕಡೆಯ ಮಾತು ಅದು. ಬಸ್ಸಿನ ಕಿಟಕಿಯಿಂದ ಹೇಳಿದ್ದಳು.

ನಮ್ಮ ಮಂದಿ ಹೊರಡುವಾಗ ಹೋಗತೀನಿ ಅನ್ನುವುದಿಲ್ಲ. ಹಾಗೆ ಅಂದರೆ ತಿರುಗಿ ಬರುವುದಿಲ್ಲ ಅಂದ ಹಾಗೆ. ಹೊರಟವರು ಬರತೀನಿ ಅನ್ನಬೇಕು. ಉಳಿದವರು ಹೋಗಿ ಬಾ ಅನ್ನಬೇಕು. ಆವತ್ತು ಚಂದ್ರಾಮನ ಕಣ್ಣು ಅವಳ ಗಂಟಿನ ಮೇಲಿತ್ತು. ಕ್ಲೀನರ್ ಅದನ್ನು ಡಿಕ್ಕಿಯೊಳಗೆ ಒಗೆಯುತ್ತಿದ್ದ. ಹುಟ್ಟುವ ಕೂಸಿಗೆ ಹೊಲಿದ ಕುಲಾಯಿ ಅದರಲ್ಲಿತ್ತು. ಗಡಿಬಿಡಿಯಲ್ಲಿ ಅರ್ಧ ಮಾತೇ ಬಾಯಿಂದ ಬಂತು.

"ಬಾ," ಅಂದ.

"ಹೋಗಿ" ಅನ್ನುವುದು ಗಂಟಲಲ್ಲೇ ಉಳಿಯಿತು. ಬಸ್ಸು ಹೋಯಿತು.

ಇಪ್ಪತ್ತೊಂದರ ಹುಡುಗಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಅಂತ ವಿಜಾಪುರದ ಕಡೆಯ ತನ್ನ ಹಳ್ಳಿಗೆ ಹೊರಟಿದ್ದಳು. ಗಂಡ ಹೆಂಡತಿ ಇದ್ದ ಬೈಕುಲ್ಲಾದ ಚಾಳಿನಿಂದ ಪರೇಲದ ದೊಡ್ಡ ದವಾಖಾನೆಗಳು ಲೋಕಲ್ ಗಾಡಿಯಲ್ಲಿ ಮೂರೇ ಸ್ಟೇಶನ್ನು. ಅವನ್ನು ಬಿಟ್ಟು ಹಳ್ಳಿಗೆ.

ಊರು ಮುಟ್ಟಿದ ರಾತ್ರಿಯೇ ಹಡಿಯುವ ಬ್ಯಾನಿ ಶುರುವಾಯಿತು. ದಿನ ತುಂಬಿರಲಿಲ್ಲ. ಇಂದ್ರಾಬಾಯಿಯ ತಾಯಿ ಶಿವಕುಮಾರಿ ಅಳಿಯ ಚಂದ್ರಾಮನಿಗೆ ಫೋನ್ ಹಚ್ಚಿದಳು. ಮಾತು ತಿಳಿಯಲಿಲ್ಲ. ಅಳು... ಗಾಳಿ... ಅದರ ಹಿಂದೆ ಒಂದೇ ಸಪ್ಪಳ.

ಠಣ್... ಠಣ್... ಠಣ್...

ಊರ ಸರಕಾರಿ ದವಾಖಾನೆಗೆ ಕೀಲಿ ಬಿದ್ದಿತ್ತು. ಕೀಲಿಕೈ ನರ್ಸಬಾಯಿಯ ಹತ್ತಿರ. ನರ್ಸಬಾಯಿ ಇದ್ದದ್ದು ತಾಲೂಕಿನ ಊರಲ್ಲಿ. ಯಾರೋ ಕಲ್ಲು ತಗೊಂಡು ಕೀಲಿ ಬಡಿಯುತ್ತಿದ್ದರು. ಕೀಲಿ ಒಡೆಯಲಿಲ್ಲ. ಜೀಪು ಸಿಗುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ.

ಚಂದ್ರಾಮ ಫೋನ್ ಇಟ್ಟರೂ ಆ ಸಪ್ಪಳ ಕಿವಿ ಬಿಡಲಿಲ್ಲ.

ಒಂದು ವರ್ಷ ಹೋಯಿತು. ಇಂದ್ರಾಬಾಯಿಯ ತಂಗಿ ಸಪ್ನಾ. ಆಕೆಯನ್ನು ಚಂದ್ರಾಮನ ತಮ್ಮ ಅನಿಲನಿಗೇ ಕೊಟ್ಟಿದ್ದರು. ಅದೇ ಚಾಳು, ಮಗ್ಗುಲ ಖೋಲಿ. ಅಕ್ಕ ಸತ್ತಾಗಿನ ವಯಸ್ಸಿಗೆ ಬಂದಿದ್ದಳು, ಬಸಿರೂ ಆಗಿದ್ದಳು. ಶಿವಕುಮಾರಿ ಮತ್ತೆ ಫೋನ್ ಹಚ್ಚಿದಳು.

"ಒಬ್ಬಾಕಿನ್ನ ಕಳಕೊಂಡೆ. ಇನ್ನೊಬ್ಬಾಕಿ ಬಾಣಂತನರೆ ನನ್ನ ಕೈಲೆ ಆಗ್ಲಿ, ಚಂದ್ರಾಮಾ. ಹೊಸಾ ನರ್ಸಬಾಯಿ ಬರಾಕಿದ್ದಾಳಂತ."

"ಬಂದಾಳೋ, ಬರಾಕಿದ್ದಾಳೋ?"

"ಬರತಾಳ ಅಂತಾರಪಾ."

ಚಂದ್ರಾಮ ಹೂಂ ಅಂದ. ಮನೆಗೆ ಹಿರಿಯ ಅವನೇ. ಬಸ್ಸಿನ ಟಿಕೀಟು ಆಯಿತು.

ಎದುರು ಖೋಲಿಯ ಅಕ್ಬರಬಿ ಕಲಬುರಗಿ ಕಡೆಯ ಮುದುಕಿ. ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಕುಂತು ಅಕ್ಕಿ ಹಸನು ಮಾಡುತ್ತಾ ಕೇಳಿದಳು.

"ಅಕಲ್ ಐತೇನೋ ನಿಮಗ? ಹಳ್ಳಿ ಮಂದಿ ಅಲ್ಲಿಂದ ಇಲ್ಲಿ ದವಾಖಾನಿಗೆ ಬರತಾರ. ಪರೇಲದ ಫುಟ್‌ಪಾತಿನ ಮ್ಯಾಲ ಮಲಗತಾರ. ನೀವು ಇಲ್ಲಿಂದ ಅಲ್ಲಿಗೆ ಕಳಸ್ತೀರಿ!"

"ಇಲ್ಲಿ ಬಾಣಂತನ ಯಾರ್ ಮಾಡತಾರ, ಖಾಲಾ?"

"ಯಾಕ, ನನ್ನ ಕೈ ಮುರದಾವೇನು? ಏಳು ಹಡದೀನಿ. ನಿನ್ನಂಥಾವ ಒಬ್ಬನೂ ಹುಟ್ಟಲಿಲ್ಲ, ಅಲ್ಲಾನ ದಯಾ."

ಸಪ್ನಾ ಒಳಗೆ ಕಿಸಕ್ಕನೆ ನಕ್ಕಳು. ಚಂದ್ರಾಮ ನಗಲಿಲ್ಲ.

ಸಪ್ನಾಳನ್ನು ಬಸ್ಸು ಹತ್ತಿಸುವ ದಿನ ಬಂತು. ಅದರ ಹಿಂದಿನ ರಾತ್ರಿಯ ಮಾತು ಇದು.

ಚಂದ್ರಾಮ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಭಾಂಡೆ ತಿಕ್ಕುವವನು. ಹೋಟೆಲು ಮುಚ್ಚಿ, ಲೋಕಲ್ ಹಿಡಿದು ಬೈಕುಲ್ಲಾದಲ್ಲಿ ಇಳಿದ. ಓಣಿಯ ವರ್ಕ್‌ಶಾಪುಗಳ ಶಟರ್ ಎಲ್ಲ ಇಳಿದಿದ್ದವು. ಓಣಿಯ ತಿರುವಿನಲ್ಲಿ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಜಾಳಿಗೆ, ಜಾಳಿಗೆಗೆ ಕೀಲಿ. ಮಗ್ಗುಲಿಗೆ ಆಲದ ಮರ. ದಿನಾ ಅಲ್ಲಿ ಬೊಗಳುವ ನಾಯಿಗಳು ಆವತ್ತು ಬೊಗಳಲಿಲ್ಲ. ಎಲ್ಲವೂ ಒಂದು ಟೆಂಪೋದ ಕೆಳಗೆ ಸೇರಿದ್ದವು.

ಠಣ್...

ಚಂದ್ರಾಮ ನಿಂತ.

ಠಣ್... ಗಲ್. ಠಣ್... ಗಲ್.

ಕಲ್ಲು ಕೀಲಿಗೆ ಬಡಿಯುವ ಸಪ್ಪಳ. ಅದರ ಹಿಂದೆಯೇ ಗಾಜಿನ ಬಳೆ.

ಬಾವಿಯ ಕಟ್ಟೆಯ ಮೇಲೆ ಒಬ್ಬಾಕಿ ಕುಂತಿದ್ದಳು. ಬೆನ್ನು ಇತ್ತ. ಹಸಿರು ಸೀರೆ. ಕಾಲು ಅಗಲಿಸಿ, ದಿನ ತುಂಬಿದಾಕಿ ಕೂಡುವಂಗೆ ಕುಂತಿದ್ದಳು. ಕೈ ಎತ್ತುವುದು, ಬಡಿಯುವುದು.

"ಕೀಲಿ ತೆರಿವಲ್ದು, ರೀ..."

ತಿರುಗದೆಯೇ ಅಂದಳು. ದನಿ ಬಾವಿಯ ಒಳಗಿಂದ ಬಂದಂಗೆ ಬಂತು.

ಚಂದ್ರಾಮ ಒಂದು ಹೆಜ್ಜೆ ಹಿಂದೆ ಸರಿದ. "ನೀ... ಯಾಕ ಬಂದಿ?"

"ನೀವ ಅಂದಿರಲ್ಲ. ಬಾ ಅಂತ."

ಠಣ್... ಗಲ್.

"ಸಪ್ನಾ ಬರತಾಳಂತಲ್ಲ..." ಕೈ ನಿಂತಿತು. "ಮಗ್ಗಲಾಗ ಜಾಗಾ ಮಾಡೀನಿ."

ಚಂದ್ರಾಮ ಓಡಿದ. ಚಪ್ಪಲಿ ಒಂದು ಅಲ್ಲೇ ಉಳಿಯಿತು. ಚಾಳಿನ ಕಟ್ಟಿಗೆ ಮೆಟ್ಟಿಲು ಹತ್ತಿ, ಖೋಲಿ ಹೊಕ್ಕು, ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕುಂತ. ಎದುರಿನ ಗೋಡೆಯಲ್ಲಿ ಕನ್ನಡಿ. ಕನ್ನಡಿಯ ಕೆಳಗೆ ಇಂದ್ರಾ ತಲೆ ಬಾಚುತ್ತಿದ್ದ ಹಣಿಗೆ. ವರ್ಷವಾದರೂ ಅವನು ಅದನ್ನು ತೆಗೆದಿರಲಿಲ್ಲ.

ಮೆಟ್ಟಿಲು ಕಿರ್ರ್ ಅಂತು.

ಸುಮ್ಮನಾಯಿತು... ಮತ್ತೆ ಕಿರ್ರ್. ಭಾರ ಹೊತ್ತವರು ಹತ್ತುವಂಗೆ. ಒಂದು ಮೆಟ್ಟಿಲು, ನಿಲ್ಲುವುದು, ಉಸಿರು ಬಿಡುವುದು. ಮತ್ತೊಂದು ಮೆಟ್ಟಿಲು.

ಗ್ಯಾಲರಿಗೆ ಬಂತು. ಬಳೆಯ ಸಪ್ಪಳ ಅವನ ಬಾಗಿಲ ಮುಂದೆ ನಿಂತಿತು. ಅವನು ಕಣ್ಣು ಮುಚ್ಚಿದ.

ಅದು ಮುಂದೆ ಹೋಯಿತು.

ಮುಂದೆ ಇದ್ದದ್ದು ಸಪ್ನಾಳ ಖೋಲಿ. ಅನಿಲ ವಾಚ್‌ಮನ್, ನೈಟ್ ಡ್ಯೂಟಿಯ ಮೇಲಿದ್ದ. ಹುಡುಗಿ ಒಬ್ಬಾಕೆಯೇ.

ಠಣ್... ಗಲ್. ಠಣ್... ಗಲ್.

ಗೋಡೆಯಾಚೆ ಸಪ್ನಾ ಎದ್ದಳು. ನಿದ್ದೆಗಣ್ಣಿನ ದನಿ.

"ಯಾರು?... ಅಕ್ಕಾ?"

ಹೊರಗೆ ಏನೋ ಪಿಸುಗುಟ್ಟಿತು. ಏನಂತ ಅವನಿಗೆ ಕೇಳಲಿಲ್ಲ. ಸಪ್ನಾಳಿಗೆ ಕೇಳಿರಬೇಕು.

"ಬಂದೆ ತಡಿಯಕ್ಕಾ," ಅಂದಳು. ಒಳಗಿನ ಚಿಲಕ ಸರಿಯತೊಡಗಿತು.

ಚಂದ್ರಾಮ ಬಾಗಿಲು ತೆರೆದ. ಹೆಂಗೆ ತೆರೆದನೋ ಅವನಿಗೇ ಗೊತ್ತಿಲ್ಲ. ಗ್ಯಾಲರಿಯ ಲೈಟು ಹೋಗಿತ್ತು. ಸಪ್ನಾಳ ಬಾಗಿಲ ಮುಂದೆ ಕತ್ತಲಿಗಿಂತ ಕಪ್ಪಗೆ ಒಂದು ಆಕಾರ ಬಗ್ಗಿ ನಿಂತಿತ್ತು. ಬಾವಿಯ ತಣ್ಣನೆ ವಾಸನೆ.

"ಇಂದ್ರಾ..." ಅಂದ. "ಸಪ್ನಾ ಬರೂದಿಲ್ಲ."

ಕಲ್ಲು ನಿಂತಿತು.

"ಖರೇ?"

"ನಿನ್ನಾಣಿ. ಊರಿಗೆ ಕಳಸೂದಿಲ್ಲ. ಇಲ್ಲೇ ಹಡೀತಾಳ. ಪರೇಲದಾಗ."

ದೂರದಲ್ಲಿ ಒಂದು ರೈಲು ಹಿಂದೆ ಮುಂದೆ ಸರಿಯುತ್ತಿತ್ತು. ಆಮೇಲೆ ಸಣ್ಣಗೆ ಕೇಳಿತು, ಸಂತೆಯಲ್ಲಿ ಕೈ ಬಿಟ್ಟ ಕೂಸು ಕೇಳುವಂಗೆ.

"ಮತ್ತ... ನಾ?"

ಚಂದ್ರಾಮ ದಾರಿ ಬಿಟ್ಟು ಗೋಡೆಗೆ ಸರಿದ.

"ಹೋಗಿ..." ಅಂದ.

"ಬಾ" ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿದ. ಕಲ್ಲು ನುಂಗಿದಂಗೆ ಆಯಿತು ಅಂತ ಆಮೇಲೆ ಹೇಳುತ್ತಿದ್ದ.

ಕಟಕ್.

ಏನೋ ಒಡೆದ ಸಪ್ಪಳ, ಒಂದೇ ಸಲ. ಆಮೇಲೆ ಬಳೆಯ ಸಪ್ಪಳ ಅವನ ಮಗ್ಗುಲಿಂದ ಹಾದು ಮೆಟ್ಟಿಲು ಇಳಿಯಿತು. ಈ ಸಲ ಮೆಟ್ಟಿಲು ಕಿರ್ರ್ ಅನ್ನಲಿಲ್ಲ.

ಅರ್ಧಕ್ಕೇ ಸಿಕ್ಕಿಕೊಂಡಿದ್ದ ಚಿಲಕ ಈಗ ಸರಿದು, ಸಪ್ನಾ ಬಾಗಿಲು ತೆರೆದಳು. "ಮಾವಾ? ಅಕ್ಕನ ದನಿ ಕೇಳಿದಂಗಾತು... ಬಾಜೂಕ ಸರಕೋ, ಮಲಗತೀನಿ ಅಂದಳು."

"ಒಳಗ ನಡಿ ತಂಗಿ. ಖಾಲಾನ್ನ ಎಬ್ಬಸ್ತೀನಿ. ಅಕಿ ಕೂಡ ಮಲ್ಕೊ."

ಹೊಸ್ತಿಲ ಮುಂದೆ ಒಂದು ಕೀಲಿ ಬಿದ್ದಿತ್ತು. ಜಂಗು ತಿಂದದ್ದು, ದೊಡ್ಡದು. ಕೊಂಡಿ ಒಡೆದಿತ್ತು. ಮೈತುಂಬ ಕಲ್ಲಿನ ಪೆಟ್ಟು. ಆ ಚಾಳಿನಲ್ಲಿ ಯಾರ ಮನೆಯದೂ ಅಲ್ಲ. ನಸುಕಿನಲ್ಲಿ ಹೋಗಿ ನೋಡಿದರೆ ಬಾವಿಯ ಕೀಲಿ ಬಾವಿಗೇ ಇತ್ತು. ಚಂದ್ರಾಮನ ಚಪ್ಪಲಿ ಬಾವಿಯ ಹತ್ತಿರ ಸಿಕ್ಕಿತು.

ಬೆಳಗಾಯಿತು. ಅನಿಲ ಡ್ಯೂಟಿ ಮುಗಿಸಿ ಬಂದ. ಅಣ್ಣ ಅಂಗಿ ತೊಟ್ಟು ನಿಂತದ್ದು ನೋಡಿದ.

"ಅಣ್ಣಾ, ಬಸ್ ಸಂಜೀಕ ಐತಿ."

"ಬಸ್ ಹೋಗ್ಲಿ. ನಾವು ಪರೇಲಕ್ಕ ಹೋಗೂಣು."

"ಟಿಕೀಟು?"

ಅಕ್ಬರಬಿ ಒಳಗಿಂದಲೇ ಕೂಗಿದಳು. "ಟಿಕೀಟಿನ ಮ್ಯಾಲ ನೀ ಹೋಗಿ ಹಡಕೊಂಡು ಬಾ!"

ಸಪ್ನಾ ಸೆರಗು ಸರಿ ಮಾಡಿಕೊಂಡು ಹೊಸ್ತಿಲು ದಾಟಿದಳು. ರೂಢಿಯಂತೆ ಹೇಳಿದಳು.

"ಬರತೀನಿ, ಖಾಲಾ."

ಅಕ್ಬರಬಿ ಚಂದ್ರಾಮನ ಮುಖ ನೋಡಿದಳು. ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಹೋಗಿ... ಬಾ."

ದವಾಖಾನೆಯಲ್ಲಿ ಹೆಸರು ಬರೆಸುವ ಕೇಸ್ ಪೇಪರಿನ ಸಾಲು ಗೇಟಿನ ತನಕ ಬಂದಿತ್ತು. ಊರೂರಿನ ಮಂದಿ ಗಂಟು ತಲೆಗಿಟ್ಟು ಅಲ್ಲೇ ಮಲಗಿದ್ದರು. ಚಂದ್ರಾಮ ಸಾಲು ಬಿಡಲಿಲ್ಲ. ಮಧ್ಯಾಹ್ನ ಸಪ್ನಾಳ ಹೆಸರು ಹಚ್ಚಿಸಿದ. ಕಿಸೆಯಲ್ಲಿ ಆ ಕೀಲಿ ಇತ್ತು. ಇವತ್ತಿಗೂ ಐತಿ. ನಾನು ಕೈಯಲ್ಲಿ ಹಿಡಿದು ನೋಡೀನಿ. ಹುಟ್ಟಿಸಿ ಹೇಳಿದ ಮಾತಲ್ಲ ಇದು.

ಅಲ್ಲಿಂದಲೇ ಅತ್ತೆಗೆ ಫೋನ್ ಹಚ್ಚಿದ. ಸಪ್ನಾ ಬರೂದಿಲ್ಲ ಅಂದ. ಬೈಯುತ್ತಾಳೆ ಅಂದುಕೊಂಡಿದ್ದ. ಶಿವಕುಮಾರಿ ಬೈಯಲಿಲ್ಲ.

"ಚಂದ್ರಾಮಾ, ರಾತ್ರಿ ಯಾರೋ ದವಾಖಾನಿ ಕೀಲಿ ಒಯ್ದಾರಪಾ. ಮುಂಜಾನಿಂದ ಬಾಗಲಾ ತೆರದೈತಿ."

"ನರ್ಸಬಾಯಿ ಬಂದಾಳೇನು?"

"ಎಲ್ಲೀಕಿ... ಒಳಗ ಯಾರೂ ಇಲ್ಲ."